ಚೇಣಿ ಹಿಡಿಯುವವರು ಮತ್ತು ಮುಂಬೈಯ ನನ್ನ ತಮ್ಮ

ಗಣೇಶನ ಹಬ್ಬಕ್ಕೆ ಚಿಕ್ಕಪ್ಪನ ಮಗ ಮುಂಬೈಯಿಂದ ಊರಿಗೆ ಬಂದಿದ್ದ. ಅವನು ಒಂದು ಮ್ಯೂಚುವಲ್ ಫಂಡ್ ಕಂಪನಿಯಲ್ಲಿದ್ದಾನೆ, ಅಂದರೆ ಜನರ ದುಡ್ಡು ಒಟ್ಟು ಮಾಡಿ ಅವರ ಪರವಾಗಿ ಷೇರಿಗೆ ಹಾಕುವ ಕಡೆ. ಮೊದಲು ಅನಲಿಸ್ಟ್ ಆಗಿದ್ದ, ಈಗ ಒಂದು ಫಂಡಿಗೆ ಸಹಾಯಕ ಮ್ಯಾನೇಜರ್. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಿನಿಂದ ಎಲ್ಲರದ್ದೂ ಅವನಿಗೆ ಒಂದೇ ಪ್ರಶ್ನೆ. "ಯಾವ ಷೇರು ತಗೊಳ್ಳೋದು ಮಾರಾಯ, ಒಂದು ಹೆಸ್ರು ಹೇಳು." ಅವನು ಹೇಳುವುದಿಲ್ಲ. ಹಾಗೆಲ್ಲ ಹೇಳಲು ಅವನ ಕೆಲಸದಲ್ಲಿ ಅವಕಾಶವೂ ಇಲ್ಲ. ಮುಂಬೈಗೆ ಹೋಗಿ ಜಂಬ ಬಂದಿದೆ ಅಂತ ಊರವರ ತೀರ್ಮಾನ.

ನಾನೂ ಕೇಳಿದವಳೇ ಬಿಡಿ. ಶಿವಮೊಗ್ಗದಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ದಿನವಿಡೀ ಬೇರೆಯವರ ದುಡ್ಡು ಎಣಿಸುವವಳಿಗೆ ತನ್ನದೂ ಸ್ವಲ್ಪ ಬೆಳೆಯಲಿ ಅಂತ ಆಸೆ ಇರುತ್ತೆ, ಅಲ್ವಾ? 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಜಾಸ್ತಿ ಅಂಶ ಬಿದ್ದು 26 ಸಾವಿರದ ಕೆಳಗೆ ಹೋಯಿತಲ್ಲ, ಆಗ ನಾನು ಮಾರುಕಟ್ಟೆ ಕಡೆ ತಲೆ ಹಾಕಿರಲಿಲ್ಲ. ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಅಕೌಂಟ್ ತೆರೆದಿದ್ದು ಮರುವರ್ಷ, ಎಲ್ಲ ಏರಿ ಆದ ಮೇಲೆ. ಇದರಲ್ಲೇ ನನ್ನ ಬುದ್ಧಿವಂತಿಕೆ ಎಷ್ಟು ಅಂತ ಗೊತ್ತಾಗುತ್ತದೆ.

ಹಬ್ಬದ ಮಾರನೇ ದಿನ ಬೆಳಿಗ್ಗೆ ಚೇಣಿಯವರು ತೋಟ ನೋಡಲು ಬಂದರು. ಮಲೆನಾಡಿನ ಹೊರಗಿನವರಿಗೆ ಇಷ್ಟು ಹೇಳಿಬಿಡುತ್ತೇನೆ: ಅಡಿಕೆ ಇನ್ನೂ ಮರದ ಮೇಲೆ ಹಸಿರಾಗಿ ಇರುವಾಗಲೇ ತೋಟದ ಫಸಲನ್ನು ಅಂದಾಜಿನ ಮೇಲೆ ಬೆಲೆ ಕಟ್ಟಿ ಗುತ್ತಿಗೆ ಹಿಡಿಯುವುದು ಚೇಣಿ. ಚನ್ನಗಿರಿ ಕಡೆ ಖೇಣಿ ಅನ್ನುತ್ತಾರೆ. ಮಾತಾದ ಮೇಲೆ ಅಡಿಕೆ ಗೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು, ಮಂಡಿಗೆ ಹಾಕುವುದು, ಎಲ್ಲ ಅವರ ತಲೆಬಿಸಿ. ಲಾಭವೂ ಅವರದ್ದೇ, ನಷ್ಟವೂ ಅವರದ್ದೇ.

ಜಿಟಿಜಿಟಿ ಮಳೆ. ಕೊಡೆ ಹಿಡಿದುಕೊಂಡು, ಕಾಲಿಗೆ ಹತ್ತಿದ ಇಂಬಳ ಕಿತ್ತು ಬಿಸಾಡುತ್ತಾ ಅವರು ಕತ್ತೆತ್ತಿ ಮರ ನೋಡುತ್ತಾ ಹೋದರು. ಮಾತು ಕಡಿಮೆ. ನಡುವೆ ಒಂದೊಂದು ಪ್ರಶ್ನೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಎಷ್ಟು ಸಲ ಹೊಡೆಸಿದ್ದೀರಿ? ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟಿಸಿದ್ದು ಎಷ್ಟು ಮರಕ್ಕೆ? ಕೆಳಗೆ ಉದುರಿದ ನಾಲ್ಕು ಹಸಿ ಅಡಿಕೆ ಹೆಕ್ಕಿ, ತೊಟ್ಟಿನ ಹತ್ತಿರ ಬಿಳಿ ಬೂಸ್ಟು ಇದೆಯಾ ಅಂತ ತಿರುಗಿಸಿ ತಿರುಗಿಸಿ ನೋಡಿದರು. ರಸ್ತೆ ಬದಿಯ ಚೆಂದದ ಮರಗಳ ಹತ್ತಿರ ಎರಡು ನಿಮಿಷವೂ ನಿಲ್ಲಲಿಲ್ಲ, ಸೀದಾ ಕೆಳಗಿನ ಮೂಲೆಗೆ ಹೋದರು. ನೀರು ನಿಲ್ಲುವ, ಪ್ರತಿ ವರ್ಷ ಕೊಳೆ ಮೊದಲು ಶುರುವಾಗುವ ಜಾಗ ಅದು. ಯಾರೂ ಅವರಿಗೆ ಹೇಳಿರಲಿಲ್ಲ.

ಕೊನೆಗೆ ಒಂದು ಮೊತ್ತ ಹೇಳಿದರು. ಅಪ್ಪಯ್ಯನಿಗೆ ಕಡಿಮೆ ಅನ್ನಿಸಿತು. "ಈಗ ರಾಶಿ ಅಡಿಕೆಗೆ ಧಾರಣೆ ಎಷ್ಟಿದೆ ನೋಡಿದ್ದೀರಾ?" ಅಂದರು.

"ಇವತ್ತಿನ ಧಾರಣೆ ಇವತ್ತು ಅಡಿಕೆ ಇದ್ದವ್ರಿಗೆ, ಗೌಡ್ರೇ. ನನ್ನ ಅಡಿಕೆ ಮಂಡಿಗೆ ಹೋಗೋದು ಜನವರಿಗೆ."

ಬಸಿಗಾಲುವೆ ಆಚೆ ನಿಂತಿದ್ದ ನನ್ನ ತಮ್ಮ ಮೆಲ್ಲಗೆ ಅಂದ: "ಅಕ್ಕ, ನಮ್ಮ ಆಫೀಸಲ್ಲಿ ನಡೆಯೋದೂ ಇದೇ. ನೀವು ಯಾರೂ ನಂಬಲ್ಲ ಅಷ್ಟೆ."

ಆವತ್ತು ಮಧ್ಯಾಹ್ನ ಜಗುಲಿಯಲ್ಲಿ ಕೂತು ಅವನನ್ನು ಬಿಡದೆ ಕೇಳಿದೆ. ಫಂಡ್ ಮ್ಯಾನೇಜರ್ ಅಂದರೆ ಮಾರುಕಟ್ಟೆ ಮೇಲೆ ಹೋಗುತ್ತಾ ಕೆಳಗೆ ಬರುತ್ತಾ ಅಂತ ನಮಗಿಂತ ಮೊದಲೇ ಗೊತ್ತಿರುವ ಮನುಷ್ಯ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಮುಂದಿನ ತಿಂಗಳು ಏನಾಗುತ್ತದೆ ಅಂತ ಅವನ ಬಾಸ್‌ಗೂ ಗೊತ್ತಿಲ್ಲ, ಅದರ ಬಗ್ಗೆ ಅವರು ತಲೆ ಕೆಡಿಸಿಕೊಳ್ಳುವುದೂ ಕಡಿಮೆ. ಅವರು ಕೇಳುವ ಪ್ರಶ್ನೆ ಬೇರೆ. ಈಗಿನ ಬೆಲೆಯೊಳಗೆ ಏನೇನು ಆಗಲೇ ಸೇರಿಬಿಟ್ಟಿದೆ?

ಇದು ಮೊದಲು ನನ್ನ ತಲೆಗೆ ಹತ್ತಲಿಲ್ಲ. ಕ್ಯಾಲ್ಕುಲೇಟರ್ ತಗೋ ಅಂದ. ಒಂದು ಕಂಪನಿ ಇದೆ ಅಂತ ಇಟ್ಟುಕೊಳ್ಳೋಣ. ಷೇರಿನ ಬೆಲೆ 600 ರೂಪಾಯಿ. ಒಂದು ಷೇರಿಗೆ ವರ್ಷದ ಲಾಭ 12 ರೂಪಾಯಿ. ಅಂದರೆ ಲಾಭದ 50 ಪಟ್ಟು ಕೊಟ್ಟು ಕೊಳ್ಳುತ್ತಿದ್ದೀಯ. ಕಂಪನಿ ಒಳ್ಳೆಯದು, ಲಾಭ ವರ್ಷಕ್ಕೆ ಶೇ 20ರಂತೆ ಐದು ವರ್ಷ ಬಿಡದೆ ಬೆಳೆಯಿತು. ಅಷ್ಟು ಬೆಳೆಯುವುದು ಸುಮ್ನೆ ಮಾತಲ್ಲ. ಆಗ ಲಾಭ ಸುಮಾರು 30 ರೂಪಾಯಿ ಆಗುತ್ತದೆ. ಆದರೆ ಐದು ವರ್ಷ ಕಳೆಯುವ ಹೊತ್ತಿಗೆ ಬೆಳವಣಿಗೆ ನಿಧಾನವಾಗಿದೆ, ಜನರ ಉಮೇದು ಇಳಿದಿದೆ, ಈಗ ಅದೇ ಷೇರಿಗೆ ಲಾಭದ 20 ಪಟ್ಟು ಮಾತ್ರ ಕೊಡುತ್ತಾರೆ. ಗುಣಿಸಿ ನೋಡು. 600 ರೂಪಾಯಿ!

ನಾನು ಎರಡು ಸಲ ಗುಣಿಸಿದೆ. ಕಂಪನಿ ಹೇಳಿದ್ದನ್ನೆಲ್ಲ ಮಾಡಿ ತೋರಿಸಿತು, ಲಾಭ ಎರಡೂವರೆ ಪಟ್ಟಾಯಿತು, ಕೊಂಡವರಿಗೆ ಐದು ವರ್ಷದಲ್ಲಿ ಬಂದಿದ್ದು ಸೊನ್ನೆ. 20ರ ಬದಲು 30 ಪಟ್ಟು ಸಿಕ್ಕರೂ 900ರ ಹತ್ತಿರ ಬರುತ್ತದೆ, ಅಂದರೆ ವರ್ಷಕ್ಕೆ ಶೇ 8ರ ಚಿಲ್ಲರೆ. ಇಷ್ಟಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಾ? ಒಳ್ಳೆಯ ಕಂಪನಿ ಬೇರೆ, ಒಳ್ಳೆಯ ಷೇರು ಬೇರೆ ಅಂತ ಇವರು ಹೇಳುವುದು ಯಾಕೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಚೇಣಿಯವರಿಗೂ ನಮ್ಮ ತೋಟ ಚೆನ್ನಾಗಿದೆ ಅಂತ ಗೊತ್ತಿತ್ತು. ಅವರ ತಕರಾರು ತೋಟದ ಬಗ್ಗೆ ಅಲ್ಲ, ಅಪ್ಪಯ್ಯ ಹೇಳಿದ ಮೊತ್ತದ ಬಗ್ಗೆ.

ಇನ್ನೊಂದು ವಿಷಯ ಬಂತು. ಅದು ನನ್ನ ಕ್ಷೇತ್ರವೇ ಆದ್ದರಿಂದ ಇಲ್ಲಿ ನಾನೇ ಅವನಿಗೆ ಪಾಠ ಮಾಡಿದೆ ಅನ್ನಬಹುದು. ಅವರು ಒಂದು ಕಂಪನಿಯ ಲೆಕ್ಕಪತ್ರ ಕೈಗೆತ್ತಿಕೊಂಡರೆ ಲಾಭದ ಸಾಲಿಗೆ ಹೋಗುವ ಮೊದಲು ಕ್ಯಾಶ್ ಎಷ್ಟು ಬಂತು ಅಂತ ನೋಡುತ್ತಾರಂತೆ. ನನಗೆ ನಗು ಬಂತು. ನನ್ನ ಹತ್ತಿರ ಬರುವ ವ್ಯಾಪಾರಿಗಳಲ್ಲಿ ಮಾರಾಟ ಜೋರಾಗಿ, ಪುಸ್ತಕದಲ್ಲಿ ಲಾಭ ಎದ್ದು ಕಾಣುತ್ತಾ, ಜಿಎಸ್‌ಟಿ ಕಟ್ಟಲು ಮಾತ್ರ ಕೈಯಲ್ಲಿ ಕಾಸಿಲ್ಲದವರು ಎಷ್ಟೋ ಜನ. ಎಲ್ಲ ಉದ್ರಿ! ಉದ್ರಿ ಹೆಚ್ಚುತ್ತಾ ಹೋದರೆ ಒಂದೋ ಸರಕು ತಗೊಂಡವನು ಕೊಡುತ್ತಿಲ್ಲ, ಇಲ್ಲಾ ಸರಕು ಹೋಗೇ ಇಲ್ಲ, ಬಿಲ್ ಮಾತ್ರ ಹೋಗಿದೆ. ದೊಡ್ಡ ಕಂಪನಿಯಲ್ಲೂ ಅದೇ ಕತೆ, ಸೊನ್ನೆಗಳು ಜಾಸ್ತಿ ಅಷ್ಟೆ. ಮಾಲೀಕರು ತಮ್ಮ ಷೇರನ್ನು ಒತ್ತೆ ಇಟ್ಟು ಸಾಲ ತಂದಿದ್ದಾರಾ, ಮನೆಯವರದ್ದೇ ಇನ್ನೊಂದು ಕಂಪನಿಗೆ ದುಡ್ಡು ಹರಿಯುತ್ತಿದೆಯಾ ಅಂತಲೂ ನೋಡುತ್ತಾರೆ. ಇದ್ಯಾವುದೂ ಗುಟ್ಟಲ್ಲ. ಒತ್ತೆಯ ವಿವರ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಲು ನಮಗೆ ಬೇಜಾರು.

ವೆನಿಲಾ ವಿಷಯ ತೆಗೆದವರು ಅಪ್ಪಯ್ಯ. ಕವಳ ಹಾಕುತ್ತಾ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಿನ್ನ ಆಫೀಸ್‌ನೋರು 2003ರಲ್ಲಿ ಇಲ್ಲಿಗೆ ಬಂದಿದ್ರೆ ಏನು ಮಾಡ್ತಿದ್ರೋ?" ಅಂದರು.

ನೆನಪಿದೆಯಾ ಆ ಕಾಲ? 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆದು ಅಲ್ಲಿನ ವೆನಿಲಾ ಹಾಳಾಯಿತು. ಜಗತ್ತಿನ ವೆನಿಲಾದ ದೊಡ್ಡ ಪಾಲು ಬೆಳೆಯುವುದೇ ಅಲ್ಲಿ. ಎರಡು ಮೂರು ವರ್ಷದೊಳಗೆ ನಮ್ಮ ಕಡೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಆಯಿತು. ಬಳ್ಳಿಯ ತುಂಡನ್ನು ಬಂಗಾರದ ಹಾಗೆ ಅಳೆದು ಮಾರಿದರು. ಬೆಳಿಗ್ಗೆ ಎದ್ದು ಒಂದೊಂದೇ ಹೂವನ್ನು ಕಡ್ಡಿಯಿಂದ ಬಿಡಿಸಿ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಅಮ್ಮ ಆ ಕೆಲಸದಲ್ಲಿ ಪಳಗಿದ್ದರು. ರಾತ್ರಿ ಕಳ್ಳರ ಕಾಟ. ಅಪ್ಪಯ್ಯ ಬ್ಯಾಟರಿ ಹಿಡಿದು, ನಾಯಿ ಕಟ್ಟಿಕೊಂಡು ತೋಟದಲ್ಲೇ ಮಲಗುತ್ತಿದ್ದರು. ಆಮೇಲೆ ಏನಾಯಿತು ಅಂತ ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಧಾರಣೆ ಬಿದ್ದಾಗ ಕೊಳ್ಳುವವರೇ ಇಲ್ಲ, ಕೋಡು ಬಳ್ಳಿಯಲ್ಲೇ ಒಣಗಿತು.

ತಮ್ಮ ಹೇಳಿದ್ದು ಕೇಳಿ. ಬೆಲೆ ಏರಿದ್ದು ಚಂಡಮಾರುತದಿಂದ, ಸರಿ. ಆದರೆ ವೆನಿಲಾ ಬಳ್ಳಿ ನೆಟ್ಟು ಹೂವಾಗಲು ಸುಮಾರು ಮೂರು ವರ್ಷ ಬೇಕು. ಏರಿದ ಬೆಲೆ ನೋಡಿ ನೀವೂ ನೆಟ್ಟಿರಿ, ಪಕ್ಕದ ಮನೆಯವರೂ ನೆಟ್ಟರು, ಕೇರಳದವರು ನೆಟ್ಟರು, ಮಡಗಾಸ್ಕರ್‌ನವರೂ ಮತ್ತೆ ನೆಟ್ಟರು. ಎಲ್ಲರ ಬಳ್ಳಿಯೂ ಒಟ್ಟೊಟ್ಟಿಗೆ ಹೂ ಬಿಟ್ಟಿತು. ಕೊಳ್ಳುವ ದೊಡ್ಡ ಕಂಪನಿಗಳು ಅಷ್ಟರೊಳಗೆ ಕೃತಕ ವೆನಿಲಾ ಕಡೆ ತಿರುಗಿದ್ದವು. ಯಾವುದಾದರೂ ಉದ್ಯಮದಲ್ಲಿ ಲಾಭ ವಿಪರೀತ ಕಂಡರೆ ಅನುಭವ ಇರುವ ಫಂಡ್ ಮ್ಯಾನೇಜರ್‌ಗೆ ಮೊದಲು ಬರುವುದು ಸಂಶಯವಂತೆ. ಈ ಲಾಭ ನೋಡಿ ಈಗ ಯಾರ್ಯಾರು ಗುಂಡಿ ತೋಡುತ್ತಿದ್ದಾರೆ? ಅವರ ಫಸಲು ಯಾವ ವರ್ಷ ಬರುತ್ತದೆ? ಸಿಮೆಂಟ್, ಉಕ್ಕು, ಸಕ್ಕರೆ, ರಾಸಾಯನಿಕ, ಎಲ್ಲ ಕಡೆ ಇದೇ ಚಕ್ರ ತಿರುಗುತ್ತದೆ. ಹಾಗೇ ತಿರುಗಿಸಿ ನೋಡಿದರೆ, ಎಲ್ಲರೂ ಕೈಸುಟ್ಟುಕೊಂಡು ಬಿಟ್ಟುಹೋದ ಕಡೆ ಹೊಸದಾಗಿ ಯಾರೂ ನೆಡುತ್ತಿಲ್ಲ ಅನ್ನುವುದೇ ಒಂದು ಒಳ್ಳೆ ಸುದ್ದಿ.

ಅಪ್ಪಯ್ಯ ಎದ್ದು ಹೋಗಿ ಕವಳ ಉಗಿದು ಬಂದರು. "ಅವಾಗ ಎಲ್ಲಿದ್ದೆ ನೀನು?" ಅಂದರು. ಅವಾಗ ಅವನು ಮೂರನೇ ಕ್ಲಾಸು.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುವ ಭಾಗ. ಎರಡು ವರ್ಷದ ಹಿಂದೆ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಹೆಸರು ನಂಬಿ ಒಂದು ಪುಟ್ಟ ಕಂಪನಿಯ ಷೇರಿಗೆ 1 ಲಕ್ಷದ 40 ಸಾವಿರ ಹಾಕಿದ್ದೆ. ಹದಿನೈದು ದಿನ ಏರಿತು. ಗಂಡನಿಗೆ ತೋರಿಸಿ ಬೀಗಿದೆ. ಆಮೇಲೆ ಒಂದು ಸೋಮವಾರ ಲೋವರ್ ಸರ್ಕ್ಯೂಟ್. ದಿನಕ್ಕೆ ಶೇ 5 ಬೀಳುವುದು, ಅಲ್ಲಿಗೆ ನಿಲ್ಲುವುದು. ಮಾರೋಣ ಅಂದರೆ ಕೊಳ್ಳುವವರಿಲ್ಲ. ಬೆಳಿಗ್ಗೆ 9 ಗಂಟೆಗೇ ಮೊಬೈಲ್ ಹಿಡಿದು ಕೂತು ಮಾರುವ ಆರ್ಡರ್ ಹಾಕುತ್ತಿದ್ದೆ, ನನ್ನ ಮುಂದೆ ಲಕ್ಷಗಟ್ಟಲೆ ಷೇರುಗಳ ಸರದಿ. ಹದಿಮೂರನೇ ದಿನ ಸರ್ಕ್ಯೂಟ್ ಬಿಡಿಸಿಕೊಂಡಾಗ ಅರ್ಧ ದುಡ್ಡು ಉಳಿದಿತ್ತು. ಆ ದುಡ್ಡಿಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಒಳ್ಳೆ ಬಳೆ ನೋಡಿಟ್ಟಿದ್ದೆ. ಬಿಡಿ.

ತಮ್ಮ ನಗಲಿಲ್ಲ. "ನಮ್ಮಲ್ಲಿ ಕೊಳ್ಳೋ ಮೊದಲು ಹೊರಗೆ ಹೋಗೋ ದಾರಿ ನೋಡ್ತೇವೆ" ಅಂದ. ಮತ್ತೆ ಲೆಕ್ಕ. 2,000 ಕೋಟಿಯ ಒಂದು ಫಂಡ್ ಒಂದು ಸಣ್ಣ ಕಂಪನಿಯಲ್ಲಿ ಶೇ 3 ಹಾಕಬೇಕು ಅಂದರೆ 60 ಕೋಟಿ. ಆ ಷೇರಿನಲ್ಲಿ ದಿನಕ್ಕೆ ನಡೆಯುವ ವ್ಯವಹಾರವೇ 2 ಕೋಟಿ ಅಂತಿಟ್ಟುಕೋ. ಬೆಲೆ ಕೆಡಿಸದೆ ಕೊಳ್ಳಬೇಕು ಅಂದರೆ ದಿನದ ವ್ಯವಹಾರದ ಐದರಲ್ಲಿ ಒಂದು ಪಾಲು, 40 ಲಕ್ಷ, ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. 150 ದಿನ ಬೇಕು. ವರ್ಷಕ್ಕೆ ಮಾರುಕಟ್ಟೆ ತೆರೆದಿರುವುದೇ ಸುಮಾರು 250 ದಿನ. ಮಾರುವಾಗಲೂ ಅಷ್ಟೇ ದಿನ, ಅದೂ ಎಲ್ಲರೂ ಮಾರುತ್ತಿರುವ ಹೊತ್ತಿನಲ್ಲಿ. 2023ರಲ್ಲಿ ಕೆಲವು ಫಂಡ್ ಕಂಪನಿಗಳು ಸಣ್ಣ ಕಂಪನಿಗಳಲ್ಲಿ ಹಾಕುವ ಸ್ಮಾಲ್ ಕ್ಯಾಪ್ ಫಂಡಿಗೆ ಒಂದೇ ಸಲ ದೊಡ್ಡ ಮೊತ್ತ ತರಬೇಡಿ ಅಂತ ಬಾಗಿಲು ಹಾಕಿದ್ದು ಇದೇ ತಲೆನೋವಿಗೆ. 2024ರ ಮಾರ್ಚಿನಿಂದ ಮಧ್ಯಮ ಗಾತ್ರದ ಕಂಪನಿಗಳ ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ ಫಂಡ್‌ಗಳು ತಮ್ಮ ಅರ್ಧ ಷೇರು ಮಾರಲು ಎಷ್ಟು ದಿನ ಬೇಕು ಅಂತ ಜನರಿಗೆ ತಿಳಿಸಬೇಕು. ನಿಮ್ಮ ಎಸ್‌ಐಪಿ, ಅಂದರೆ ತಿಂಗಳ ಕಂತು, ಸ್ಮಾಲ್ ಕ್ಯಾಪ್‌ನಲ್ಲಿ ಇದ್ದರೆ ಆ ಅಂಕಿಯನ್ನು ಒಂದು ಸಲ ಹುಡುಕಿ ನೋಡಿ, ಮಜಾ ಇದೆ.

ಹಾಗಂತ ಅವರು ಮಾಡುವುದೆಲ್ಲ ಬುದ್ಧಿವಂತಿಕೆ ಅಂತ ನಾನು ಒಪ್ಪುವುದಿಲ್ಲ. ಅವರ ಕೈಯಲ್ಲಿ ಇರುವುದು ಬೇರೆಯವರ ದುಡ್ಡು. ಇದರಿಂದ ಯೋಚನೆಯೇ ಬೇರೆ ದಾರಿ ಹಿಡಿಯುತ್ತದೆ. ದೊಡ್ಡ ಕಂಪನಿಗಳಲ್ಲಿ ಹಾಕುವ ಲಾರ್ಜ್ ಕ್ಯಾಪ್ ಫಂಡಿನ ಒಬ್ಬ ಮ್ಯಾನೇಜರ್‌ಗೆ ನಿಫ್ಟಿ ಸೂಚ್ಯಂಕದಲ್ಲಿ ದೊಡ್ಡ ಪಾಲಿರುವ ಒಂದು ಬ್ಯಾಂಕ್ ಇಷ್ಟ ಇಲ್ಲ ಅಂತಿಟ್ಟುಕೊಳ್ಳಿ. ನಾವಾದರೆ ಬಿಟ್ಟು ಸುಮ್ಮನಿರುತ್ತೇವೆ. ಅವನು ಬಿಟ್ಟರೆ, ಅದು ಏರಿದ ವರ್ಷ ಸೂಚ್ಯಂಕಕ್ಕಿಂತ ಹಿಂದೆ ಬೀಳುತ್ತಾನೆ, ಯಾಕೆ ಅಂತ ಉತ್ತರ ಕೊಡಬೇಕು. ಅದಕ್ಕೇ ಇಷ್ಟ ಇಲ್ಲದಿದ್ದರೂ ಸ್ವಲ್ಪ ಇಟ್ಟುಕೊಂಡಿರುತ್ತಾನೆ. ತಪ್ಪಿದರೆ ಎಲ್ಲರ ಜೊತೆ ತಪ್ಪಲಿ ಅನ್ನುವ ಲೆಕ್ಕ. ಮೊದಲ 100 ದೊಡ್ಡ ಕಂಪನಿಗಳಲ್ಲೇ ಶೇ 80 ಇಡಬೇಕು, ಯಾವುದೇ ಒಂದು ಕಂಪನಿಯಲ್ಲಿ ಶೇ 10 ಮೀರಬಾರದು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಕಟ್ಟುಗಳೂ ಇವೆ. ಇದರ ಮೇಲೆ ಫಂಡಿನ ಖರ್ಚು ಬೇರೆ. ದೀರ್ಘ ಅವಧಿಯಲ್ಲಿ ಲಾರ್ಜ್ ಕ್ಯಾಪ್ ಫಂಡ್‌ಗಳಲ್ಲಿ ಹೆಚ್ಚಿನವು ಸೂಚ್ಯಂಕವನ್ನು ಹಿಂದೆ ಹಾಕಲು ಆಗದೆ ಉಳಿದಿವೆ ಅಂದರೆ ಆಶ್ಚರ್ಯ ಇಲ್ಲ. ಇದನ್ನು ಹೇಳಿದಾಗ ತಮ್ಮ ತುಸು ಮುಖ ಸಣ್ಣ ಮಾಡಿದ, ಆದರೆ ಅಲ್ಲಗಳೆಯಲಿಲ್ಲ.

ಜನ ಕೂಡ ಕಡಿಮೆ ಇಲ್ಲ. ಮಾರುಕಟ್ಟೆ ಏರಿದಾಗ ದುಡ್ಡು ಸುರಿಯುತ್ತಾರೆ, ಆಗ ಕೊಳ್ಳಲು ಅಗ್ಗವಾಗಿ ಏನೂ ಇರುವುದಿಲ್ಲ. ಬಿದ್ದಾಗ ವಾಪಸ್ ಕೊಡಿ ಅನ್ನುತ್ತಾರೆ, ಆಗ ಕೊಳ್ಳಬೇಕಾದವನು ಮಾರಿಕೊಂಡು ಕೂರುತ್ತಾನೆ. "ನಿನಗೆ ನಿನ್ನ ದುಡ್ಡು ಯಾರೂ ವಾಪಸ್ ಕೇಳಲ್ಲ ಅಕ್ಕ, ಅದೊಂದು ನಮಗಿಲ್ಲ" ಅಂದ. ನಿಜ. ನನ್ನ ಹತ್ತಿರ ಆ ಅನುಕೂಲ ಇದ್ದೂ ನಾನು ದಿನಕ್ಕೆ ಇಪ್ಪತ್ತು ಸಲ ಆ್ಯಪ್ ತೆರೆದು ನೋಡುತ್ತೇನೆ. 2021ರಲ್ಲಿ ಸೆಬಿ ಇನ್ನೊಂದು ನಿಯಮ ತಂದಿತು, ಮ್ಯಾನೇಜರ್‌ಗಳ ಸಂಬಳದ ಒಂದು ಪಾಲು ಅವರದೇ ಫಂಡಿನ ಯೂನಿಟ್‌ಗಳಲ್ಲಿ ಹೋಗಬೇಕು, ಮೂರು ವರ್ಷ ಮುಟ್ಟುವ ಹಾಗಿಲ್ಲ ಅಂತ. ಅವನಿಗೆ ಅದರ ಮೇಲೆ ಕೋಪ. ಚಿಕ್ಕಮ್ಮನಿಗೆ ಮಾತ್ರ ಬಹಳ ಇಷ್ಟವಾಯಿತು. ಅಡುಗೆ ಮಾಡಿದವ್ರೂ ಅದನ್ನೇ ಉಣ್ಣಲಿ ಅಂದರು.

ಊರಿನ ಹುಡುಗರು ಆಪ್ಷನ್ಸ್ ಬಗ್ಗೆ, ಅಂದರೆ ಬೆಲೆ ಮುಂದೆ ಏರುತ್ತಾ ಇಳಿಯುತ್ತಾ ಅಂತ ಪಣ ಕಟ್ಟುವಂಥ ವ್ಯವಹಾರದ ಬಗ್ಗೆ, ಕೇಳಲು ಬಂದಿದ್ದರು. ಅದಕ್ಕೆ ಅವನ ಉತ್ತರ ಚಿಕ್ಕದು. ಸೆಬಿ 2024ರಲ್ಲಿ ಮೂರು ವರ್ಷದ ಲೆಕ್ಕ ತೆಗೆದಿತ್ತು, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದರು. ಹುಡುಗರು ತಾವು ಉಳಿದ 7ರಲ್ಲಿ ಇದ್ದೇವೆ ಅನ್ನುವ ಮುಖ ಮಾಡಿಕೊಂಡು ಕಾಫಿ ಕುಡಿದು ಹೋದರು.

ನನಗೆ ತುಂಬಾ ಹಿಡಿಸಿದ್ದು ಮಾತ್ರ ಅವರ ಒಂದು ಅಭ್ಯಾಸ. ಯಾವುದೇ ಷೇರು ಕೊಳ್ಳುವ ಮೊದಲು ಒಂದು ಕಾಗದ ಬರೆಯುತ್ತಾರೆ. ಯಾಕೆ ಕೊಳ್ಳುತ್ತಿದ್ದೇವೆ, ಏನಾದರೆ ನಾವು ತಪ್ಪಿದ್ದೇವೆ ಅಂತ ಒಪ್ಪಿಕೊಳ್ಳುತ್ತೇವೆ. ಎರಡನೆಯದೇ ಮುಖ್ಯ. ಬೆಲೆ ಬಿದ್ದಾಗ ಆ ಕಾಗದ ತೆಗೆದು ಓದುತ್ತಾರೆ. ಬರೆದ ಕಾರಣ ಇನ್ನೂ ಗಟ್ಟಿ ಇದ್ದರೆ ಬೆಲೆ ಬಿದ್ದಿದ್ದು ಒಳ್ಳೆಯದೇ ಆಯಿತು, ಇನ್ನಷ್ಟು ಕೊಳ್ಳಬಹುದು. ಕಾರಣವೇ ಮುರಿದಿದ್ದರೆ ಬೆಲೆ ನೋಡದೆ ಮಾರುತ್ತಾರೆ, ಕೊಂಡ ರೇಟು ಬರಲಿ ಅಂತ ಕಾಯುವುದಿಲ್ಲ. ಕೊಂಡ ರೇಟು ನಿನಗೆ ಮಾತ್ರ ನೆನಪು, ಷೇರಿಗೆ ಗೊತ್ತೇ ಇಲ್ಲ ಅಂದ. ಹತ್ತರಲ್ಲಿ ಆರು ಸರಿಯಾದರೆ ಅವರಲ್ಲಿ ಅವನು ಜಾಣ. ಮಿಕ್ಕ ನಾಲ್ಕು ತಪ್ಪುತ್ತದೆ ಅಂತ ಗೊತ್ತಿದ್ದೇ ಆಟ. ಹತ್ತು ಷೇರಿಗೆ ಹತ್ತತ್ತು ಸಾವಿರ ಹಾಕಿ, ನಾಲ್ಕು ಅರ್ಧಕ್ಕೆ ಇಳಿಯಲಿ, ನಾಲ್ಕು ಇದ್ದಲ್ಲೇ ಇರಲಿ, ಎರಡು ಮಾತ್ರ ನಾಲ್ಕು ಪಟ್ಟಾಗಲಿ. ಒಂದು ಲಕ್ಷ 1 ಲಕ್ಷದ 40 ಸಾವಿರ ಆಗುತ್ತದೆ. ನಾವು ಮಾಡುವುದು ಏನು? ಆ ಎರಡನ್ನು ಶೇ 20 ಲಾಭ ಬಂತು ಅಂತ ಮಾರಿ ಹೋಳಿಗೆ ತಿನ್ನುತ್ತೇವೆ, ಬಿದ್ದ ನಾಲ್ಕನ್ನು ಇವತ್ತಲ್ಲ ನಾಳೆ ಏಳುತ್ತದೆ ಅಂತ ಮಡಿಲಲ್ಲಿಟ್ಟು ಸಾಕುತ್ತೇವೆ.

ಅವನು ಹೊರಟ ಮೇಲೆ ಒಂದು ಭಾನುವಾರ ಕೂತು ನನ್ನ ಹನ್ನೊಂದು ಷೇರಿಗೂ ಆ ಕಾಗದ ಬರೆಯಲು ನೋಡಿದೆ. ಐದಕ್ಕೆ ಏನೋ ಬರೆದೆ. ಎರಡಕ್ಕೆ ಬರೆದಿದ್ದು ಓದಿದರೆ ನನಗೇ ನಗು. ನಾಲ್ಕಕ್ಕೆ ಒಂದು ಸಾಲೂ ಬರಲಿಲ್ಲ. ಯಾರೋ ಹೇಳಿದರು ಅಂತ ಬರೆಯುವುದಾದರೂ ಹೇಗೆ? ಆ ನಾಲ್ಕನ್ನು ಮಾರಿದೆ, ಎರಡು ನಷ್ಟದಲ್ಲಿ.

ಅಪ್ಪಯ್ಯ ಚೇಣಿಯವರ ಜೊತೆ ಮತ್ತೆರಡು ಸಲ ಚೌಕಾಸಿ ಮಾಡಿ ತೋಟ ಕೊಟ್ಟರು. ಅದಾದ ಮೇಲೆ ಮಳೆ ಬಿಡಲೇ ಇಲ್ಲ. ಕೆಳಗಿನ ಮೂಲೆಯಲ್ಲಿ ಶುರುವಾದ ಕೊಳೆ ಅರ್ಧ ತೋಟಕ್ಕೆ ಹಬ್ಬಿತು, ಬುಡದ ತುಂಬಾ ಉದುರು. ಸಂಕ್ರಾಂತಿ ಹೊತ್ತಿಗೆ ಬಾಕಿ ಹಣ ಕೊಡಲು ಬಂದವರ ಮುಖ ನೋಡಲು ಅಪ್ಪಯ್ಯನಿಗೇ ಸಂಕೋಚ. ಕಾಫಿ ಕೊಟ್ಟು, ಮುಂದಿನ ವರ್ಷ ಬರ್ತೀರೋ ಇಲ್ವೋ ಅಂತ ಕೇಳಿದರು.

"ಯಾಕೆ ಬರಲ್ಲ? ಹದಿನಾಲ್ಕು ತೋಟ ಹಿಡಿದಿದ್ದೆ ಗೌಡ್ರೇ, ಹೋಗಿದ್ದು ಮೂರು."

ಲೋಟ ಕೆಳಗಿಟ್ಟು ಎದ್ದರು. ಅಂಗಳ ದಾಟುವಾಗ ತೋಟದ ಕಡೆ ಒಮ್ಮೆ ಕತ್ತೆತ್ತಿ ನೋಡಿ, ಆ ಮೂಲೆಯ ಬಸಿಗಾಲುವೆಯನ್ನು ಬೇಸಿಗೆಯಲ್ಲಿ ಒಂದಡಿ ಆಳ ಮಾಡಿಸ್ತೀರಾ ಅಂತ ಕೇಳಿದರು. ಮಾಡಿಸಿದರೆ ಒಂದು ರೇಟು, ಮಾಡಿಸದಿದ್ದರೆ ಇನ್ನೊಂದು.